ಇಳಿದವನೇ ಬಲ್ಲ ಬೆಟ್ಟದ ಬೇನೆ

ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದ್ದಕ್ಕೆ ನನ್ನ ವಾಟ್ಸಾಪ್ ಸ್ಟೇಟಸ್ಸೇ ಸಾಕ್ಷಿ. ಇಳಿದದ್ದಕ್ಕೆ ಸಾಕ್ಷಿ ನನ್ನ ತೊಡೆ. ಭಾನುವಾರ ಏನೂ ಇರಲಿಲ್ಲ. ದೊಡ್ಡ ನಂದಿಯ ಮುಂದೆ ನಿಂತು, 17ನೇ ಶತಮಾನದ ದೊಡ್ಡ ದೇವರಾಜ ಒಡೆಯರ ಬಗ್ಗೆ ಯಾರೂ ಕೇಳದ ಉಪನ್ಯಾಸವನ್ನೂ ಕೊಟ್ಟೆ. ಆಮೇಲೆ ಕಾಲೇಜು ಹುಡುಗರನ್ನು ಹಿಂದೆ ಹಾಕುವ ಹುಕಿಯಲ್ಲಿ ದಡದಡ ಇಳಿದೆ. ಮಂಗಳವಾರ ಬೆಳಿಗ್ಗೆ ದೇಸಿ ಶೌಚಾಲಯದಲ್ಲಿ ಕೂತವನಿಗೆ ಏಳಲಾಗಲಿಲ್ಲ. ನಲ್ಲಿ ಹಿಡಿದು ಎದ್ದೆ. ನಲ್ಲಿಯೂ ನನ್ನ ಜೊತೆಗೇ ಎದ್ದು ಬಂತು.

"ಲ್ಯಾಕ್ಟಿಕ್ ಆಮ್ಲ ಕಟ್ಟಿಕೊಂಡಿದೆ ಕಣಯ್ಯ" ಎಂದು ಎದುರುಮನೆ ಮೇಷ್ಟ್ರು ತೀರ್ಪಿತ್ತರು. ಫಿಜಿಯೋಥೆರಪಿಸ್ಟ್ ನಕ್ಕುಬಿಟ್ಟರು. ಅದು ಒಂದೆರಡು ಗಂಟೆಯಲ್ಲೇ ಕರಗಿಹೋಗುತ್ತದಂತೆ. ನಾನು ಎರಡನೇ ಮಸಾಲೆದೋಸೆ ಮುಗಿಸುವಷ್ಟರಲ್ಲೇ ಖಾಲಿ!

ಹಾಗಾದರೆ ನೋವು ಎಲ್ಲಿಂದ? ಸ್ನಾಯುವಿನೊಳಗೆ ಕ್ಯಾಲ್ಸಿಯಂ ಸನ್ನೆ ಸಿಕ್ಕೊಡನೆ ಮಯೋಸಿನ್ ಎಂಬ ಪ್ರೋಟೀನಿನ ತಲೆಗಳು ಆಕ್ಟಿನ್ ಎಂಬ ಇನ್ನೊಂದು ಪ್ರೋಟೀನಿನ ಎಳೆಯನ್ನು ಹಿಡಿದು ಜಗ್ಗುತ್ತವೆ. ಎಳೆ ಮೊಟಕಾಗುವುದಿಲ್ಲ, ಒಂದರ ಪಕ್ಕ ಒಂದು ಜಾರುತ್ತದೆ. 1954ರಲ್ಲಿ 'ನೇಚರ್' ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ತಂಡಗಳು ಇದನ್ನು ಹೇಳಿದವು. ಎರಡರಲ್ಲೂ ಒಬ್ಬೊಬ್ಬ ಹಕ್ಸ್‌ಲಿ, ನೆಂಟಸ್ತಿಕೆ ಏನೂ ಇಲ್ಲ. ಹತ್ತುವುದೆಂದರೆ ಬಾವಿಯಿಂದ ಕೊಡ ಸೇದಿದ ಹಾಗೆ. ಇಳಿಯುವಾಗ ತುಂಬಿದ ಕೊಡವನ್ನೇ ಹಿಡಿಹಿಡಿದು ಕೆಳಗೆ ಬಿಡಬೇಕು: ತೊಡೆಯ ಮುಂಭಾಗದ ಸ್ನಾಯು ಬಿಗಿಹಿಡಿದೇ ಉದ್ದವಾಗಬೇಕು. ಹಗ್ಗ ಜಾರುತ್ತದೆ, ಅಂಗೈ ತರಚುತ್ತದೆ. ಆ ಸಣ್ಣ ಗಾಯಗಳ ಉರಿ ಏರುವುದು ಒಂದರಿಂದ ಮೂರು ದಿನದೊಳಗೆ.

ಹಿಡಿದದ್ದನ್ನು ಬಿಡಲೂ ಮಯೋಸಿನ್ನಿಗೆ ಎಟಿಪಿ ಎಂಬ ಇಂಧನ ಬೇಕು. ಅದು ಮುಗಿದೇ ಹೆಣ ಸೆಟೆಯುವುದು. ನಾನು ಸೋಫಾದಿಂದ ಏಳುವ ಚಂದ ನೋಡಿ ಹೆಂಡತಿ ಒಮ್ಮೆ ಉಸಿರು ಪರೀಕ್ಷಿಸಿದ್ದೂ ಉಂಟು.

"ಮೂತ್ರ ಕಡುಕಂದು ಬಣ್ಣಕ್ಕೆ ತಿರುಗಿದೆಯಾ? ಹಾಗಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಸ್ನಾಯು ಕರಗಿ ಕಿಡ್ನಿಗೆ ಪೆಟ್ಟು ಬೀಳಬಹುದು" ಎಂದರು ಫಿಜಿಯೋಥೆರಪಿಸ್ಟ್. ಇಲ್ಲ ಎಂದೆ, ತುಸು ನಿರಾಸೆಯಿಂದಲೇ. ಇಷ್ಟು ನೋವಿಗೆ ಒಂದು ದೊಡ್ಡ ಹೆಸರಾದರೂ ಸಿಗಬೇಡವೇ? ಮದ್ದೆಂದರೆ ನಾಲ್ಕು ದಿನ ಮೆಲ್ಲಗೆ ಓಡಾಡಿ, ಮತ್ತೆ ಅದೇ ಬೆಟ್ಟ ಇಳಿಯುವುದಂತೆ. ಒಮ್ಮೆ ಪೆಟ್ಟು ತಿಂದ ಸ್ನಾಯು ಎರಡನೇ ಸಲ ಅಷ್ಟು ನೋಯುವುದಿಲ್ಲ.

"ಹತ್ತಿ, ಬಸ್ಸಿನಲ್ಲಿ ಇಳಿಯಲೇ?" ಎಂದೆ.

"ಬಸ್ಸಿನಲ್ಲಿ ಹತ್ತಿ, ನಡೆದು ಇಳಿಯಿರಿ" ಎಂದರು.

ಕ್ಲಿನಿಕ್ಕು ಇದ್ದದ್ದು ಎರಡನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಕಂಬಿ ಹಿಡಿದು ಬೆನ್ನು ಮುಂದು ಮಾಡಿ ಇಳಿಯುತ್ತಿದ್ದೆ. ಮೇಲೆ ಬರುತ್ತಿದ್ದ ಅಜ್ಜಿಯೊಬ್ಬರು ಪಕ್ಕಕ್ಕೆ ಸರಿದು, "ಮೊದಲು ನೀವು ಹೋಗಿಬಿಡಿ" ಎಂದು ದಾರಿಬಿಟ್ಟರು.