ಉಣುಗಿನ ಜೊತೆ ಜಂಟಿ ಸಂಶೋಧನೆ

ಉಡುತಡಿಯ ಹೊರಗೊಂದು ಕೊಟ್ಟಿಗೆ. ಆಗಸ್ಟ್ ತಿಂಗಳು, ಬಿಟ್ಟು ಬಿಟ್ಟು ಮಳೆ. ಹಸುವಿನ ಎಡಗಿವಿಯ ಮಡಿಕೆಯಲ್ಲಿ ಹುರಿಗಡಲೆಯಷ್ಟು ಊದಿಕೊಂಡು ಕೂತಿದ್ದವರು ಶ್ರೀಮತಿ ಹೀಮಾಫೈಸಾಲಿಸ್ ಸ್ಪೈನಿಜೆರಾ. ಊರವರ ಬಾಯಲ್ಲಿ ಉಣುಗು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡು ಇವರ ತವರು. ಹಸು ಕೈಬದಲಾದಾಗ ಕಿವಿಯಲ್ಲೇ ಕೂತು ಶಿಕಾರಿಪುರದ ಕಡೆಗೆ ಬಂದರು. ಕಾಗದದಲ್ಲಿ ‘ಕ್ಯಾಸನೂರು ಕಾಡಿನ ಕಾಯಿಲೆ’ ಎನಿಸಿಕೊಂಡ ಮಂಗನ ಕಾಯಿಲೆಯ ವೈರಸ್ ಹೊರುವ ಮನೆತನ. ದೇಶವಿದೇಶದ ಸಂಶೋಧಕರ ಜೊತೆ ಒಡನಾಟವೂ ಅಷ್ಟೇ ಹಳೆಯದು. ಉಣುಗು ಹತ್ತದಂತೆ ಮೈಗೆಲ್ಲ ಡೆಪಾ ಎಣ್ಣೆ ಬಳಿದುಕೊಂಡು, ಎರಡು ಮಾರು ದೂರ ನಿಂತು ಮಾತಾಡಿಸಿದೆವು.

ನಾವು: ಊಟದ ಹೊತ್ತಿಗೆ ಬಂದು ತೊಂದರೆ ಕೊಟ್ಟೆವೇನೋ.

ಉಣುಗು: ತೊಂದರೆ ಎಂತದೂ ಇಲ್ಲ ಮಾರಾಯ್ರೇ. ಬದುಕಿಡೀ ನಮಗೆ ಮೂರೇ ಊಟ. ಆರು ಕಾಲಿನ ಮರಿಯಾಗಿದ್ದಾಗ ಒಂದು ಇಲಿ ಸಿಕ್ಕಿತ್ತು. ಎಂಟು ಕಾಲು ಬಂದ ಮೇಲೆ ಬೇಸಿಗೆಯಲ್ಲಿ ಒಂದು ಮಂಗ. ಈಗ ಈ ಹಸು. ಇದಾದ ಮೇಲೆ ಉದುರಿ, ಮೊಟ್ಟೆಯಿಟ್ಟು, ಕಣ್ಮುಚ್ಚೋದು. ಕಣ್ಣು ಅನ್ನೋದು ಮಾತಿಗೆ, ನಮ್ಮ ಕುಲಕ್ಕೆ ಕಣ್ಣಿಲ್ಲ.

ನಾವು: ಹೊಟ್ಟೆ ತುಂಬಿದ ಕೂಡಲೇ ಉದುರಿ ಹೋಗುವುದು... ಹೊರಗಿನಿಂದ ಬರುವ ಸಂಶೋಧಕರನ್ನು ನಿಮಗೆ ಹೋಲಿಸುವವರಿದ್ದಾರೆ.

ಉಣುಗು: ಹೋಲಿಸುವ ಮೊದಲು ನನ್ನನ್ನೊಂದು ಮಾತು ಕೇಳಬಾರದಿತ್ತಾ? ನಾನು ತಗೊಂಡಲ್ಲಿ ಏನಾದರೂ ಕೊಟ್ಟೇ ಬರ್ತೇನೆ.

ನಾವು: 1957ರಲ್ಲಿ ಏನಾಯಿತು, ಮನೆಯಲ್ಲಿ ಹಿರಿಯರು ಹೇಳಿದ್ದಿರಬೇಕು.

ಉಣುಗು: ಅದೇ ಕಥೆ ಕೇಳಿ ಬೆಳೆದವಳು. ಮಾರ್ಚ್ ತಿಂಗಳು. ಕ್ಯಾಸನೂರು ಕಾಡಲ್ಲಿ ಮಂಗಗಳು ಸಾಯ್ತಿದ್ದವು, ಸುತ್ತಲಿನ ಹಳ್ಳಿಯವರು ಜ್ವರ ಬಂದು ಮಲಗ್ತಿದ್ದರು. ಎರಡಕ್ಕೂ ಸಂಬಂಧ ಇದೆ ಅಂತ ಊರವರಿಗೆ ಆಗಲೇ ಅನುಮಾನ. ಪುಣೆಯಲ್ಲಿ ವೈರಸ್ ಸಂಶೋಧನಾ ಕೇಂದ್ರ ಇತ್ತು, ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ 1952ರಲ್ಲಿ ಕಟ್ಟಿದ್ದು. ಅಲ್ಲಿಂದ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೊ ಮತ್ತವರ ತಂಡ ಬಂತು. ದಕ್ಷಿಣ ಅಮೆರಿಕದಲ್ಲಿ ಹಳದಿ ಜ್ವರಕ್ಕೆ ಮಂಗ ಸಾಯುತ್ತದಲ್ಲ, ಇದೂ ಅದೇ ಇರಬೇಕು ಅಂದುಕೊಂಡಿದ್ದರು. ಸಿಕ್ಕಿದ್ದು ರಷ್ಯಾದ ಕಾಡಿನ ವೈರಸ್ಸಿನ ದಾಯಾದಿ. ಹೊತ್ತವರು ಸೊಳ್ಳೆಗಳಲ್ಲ, ನಾವು.

ನಾವು: ನಿಮ್ಮನ್ನು ಹಿಡಿದದ್ದು ಹೇಗೆ?

ಉಣುಗು: ಬಿಳಿ ಫ್ಲಾನೆಲ್ ಬಟ್ಟೆ, ಒಂದು ತುದಿಗೆ ಕೋಲು, ಕೋಲಿಗೆ ಹಗ್ಗ. ಅದನ್ನು ದರಗಿನ ಮೇಲೆ ಮೆಲ್ಲಗೆ ಎಳ್ಕೊಂಡು ಹೋಗ್ತಾರೆ. ನಾವು ಹುಲ್ಲಿನ ತುದಿಯಲ್ಲಿ ಮುಂಗಾಲು ಚಾಚಿ ಕೂತಿರ್ತೇವೆ. ತಾಗಿದ್ದನ್ನು ಹಿಡ್ಕೊಳ್ಳೋದು, ಅದು ಮಂಗನ ಬಾಲವೋ ಫ್ಲಾನೆಲ್ಲೋ ಅಂತ ವಿಚಾರಿಸೋ ಪದ್ಧತಿ ಇಲ್ಲ. ನಾಲ್ಕು ಹೆಜ್ಜೆಗೊಮ್ಮೆ ಬಟ್ಟೆ ಮಗುಚಿ, ಚಿಮಟದಲ್ಲಿ ನಮ್ಮನ್ನು ಹೆಕ್ಕಿ ಶೀಶೆಗೆ ಹಾಕ್ತಾರೆ. ಶೀಶೆಗೊಂದು ಚೀಟಿ. ಆದರೆ ನೀವೊಂದು ಗಮನಿಸಬೇಕು. ಬಟ್ಟೆ ಹಿಂದೆ ಬರುತ್ತದೆ, ಎಳೆಯುವವನ ಕಾಲು ಮುಂದೆ. ನಮ್ಮಲ್ಲಿ ಚುರುಕಾದವರೆಲ್ಲ ಬಟ್ಟೆ ಬರುವ ಮೊದಲೇ ಅವನ ಮೊಣಕಾಲಿಗೆ ಹತ್ತಿರ್ತಾರೆ. ಎಳೆಯುವವನು ಊರಿನವನು. ಪುಸ್ತಕದಲ್ಲಿ ಬರ್ಕೊಳ್ಳುವವರು ಅವನ ಹಿಂದೆ, ಬಟ್ಟೆ ಗುಡಿಸಿ ಚೊಕ್ಕ ಮಾಡಿದ ದಾರಿಯಲ್ಲಿ.

ನಾವು: ವಿಜ್ಞಾನಿಗಳಿಗೂ ಕಾಯಿಲೆ ತಗುಲಿತ್ತಂತೆ.

ಉಣುಗು: ಸುಳ್ಳು ಯಾಕೆ ಹೇಳಲಿ, ಕೇಂದ್ರದ ಸಿಬ್ಬಂದಿಯಲ್ಲೂ ಹಲವರು ಜ್ವರ ಬಂದು ಮಲಗಿದರು, ಪ್ರಯೋಗಾಲಯದ ಒಳಗಿದ್ದವರೂ. ಆ ವಿಷಯದಲ್ಲಿ ನಮ್ಮ ಕಡೆಯಿಂದ ಭೇದಭಾವ ಇಲ್ಲ.

ನಾವು: ನಿಮ್ಮಿಂದ ವೈರಸ್ ಬೇರ್ಪಡಿಸಿದ ಪ್ರಬಂಧ 1959ರಲ್ಲಿ ಬಂತು. ಟ್ರಪಿಡೊ, ರಾಜಗೋಪಾಲನ್, ವರ್ಕ್, ವರ್ಮ.

ಉಣುಗು: ನಾಲ್ವರಲ್ಲಿ ಇಬ್ಬರು ಭಾರತೀಯರು. ಆ ಕಾಲಕ್ಕೆ ದೊಡ್ಡ ಮಾತೇ, ಕಡಿಮೆ ಮಾಡಿ ಹೇಳೋದಿಲ್ಲ. ಪಿ.ಕೆ. ರಾಜಗೋಪಾಲನ್ ನಮ್ಮ ಕಾಡಲ್ಲಿ ಬೆವರು ಸುರಿಸಿದವರು, ರುಚಿ ನೋಡಿದವರು ನಾವೇ ಹೇಳ್ಬೇಕು. ನನ್ನ ಕುಲದ ಹೆಸರೂ ಶೀರ್ಷಿಕೆಯಲ್ಲೇ ಇದೆ. ಆದರೆ 'ಸ್ಥಳೀಯ' ಅನ್ನೋದು ಎಲ್ಲಿಂದ ಶುರುವಾಗುತ್ತದೆ ನೋಡಿ. ನ್ಯೂಯಾರ್ಕಿಗೆ ಪುಣೆ ಸ್ಥಳೀಯ. ಪುಣೆಗೆ ಸಾಗರ ಸ್ಥಳೀಯ, ಅಲ್ಲೊಂದು ಕ್ಷೇತ್ರ ಕೇಂದ್ರ ಇತ್ತಲ್ಲ. ಸಾಗರಕ್ಕೆ ಕ್ಯಾಸನೂರು. ಸತ್ತ ಮಂಗ ಎಲ್ಲಿ ಬಿದ್ದಿದೆ ಅಂತ ಮೂಗು ಮುಚ್ಕೊಂಡು ಕರ್ಕೊಂಡು ಹೋಗಿ ತೋರಿಸಿದವನ ತನಕ ಬರುವಷ್ಟರಲ್ಲಿ ಪುಟ ಮುಗಿದಿರುತ್ತದೆ.

(ಇಲ್ಲಿ ಹಸು ಕಿವಿ ಒದರಿತು. ಸಂದರ್ಶನ ಸ್ವಲ್ಪ ಹೊತ್ತು ನಿಂತಿತು.)

ನಾವು: ಕಾಯಿಲೆ ಎಲ್ಲಿಂದ ಬಂತು ಎಂದು ದೊಡ್ಡ ಚರ್ಚೆಯೇ ನಡೆಯಿತು.

ಉಣುಗು: ಹಕ್ಕಿಗಳ ಮೇಲೆ ಹೊರಿಸಿದರು, ಸೈಬೀರಿಯಾದಿಂದ ಹೊತ್ತು ತಂದವೇನೋ ಅಂತ. ಸಲೀಂ ಅಲಿಯವರ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿತು. ಆಮೇಲೆ ಅಮೆರಿಕದ ಸೇನೆಯ ದುಡ್ಡೂ ಬಂತು. 1974ರಲ್ಲಿ ಪತ್ರಿಕೆಗಳು ಕೂಗೆಬ್ಬಿಸಿದವು, ಇದು ಜೈವಿಕ ಯುದ್ಧದ ತಯಾರಿ ಅಂತ. ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ವರದಿ ಬರೆಯಿತು. ದಿಲ್ಲಿಯಲ್ಲಿ ಅಷ್ಟೆಲ್ಲ ಗದ್ದಲ ಆಗ್ತಿದ್ದಾಗ ನಮ್ಮ ಹಿರಿಯರು ಇಲ್ಲೇ ಹುಲ್ಲಿನ ಮೇಲಿದ್ದರು, ಯಾರೂ ಸಮನ್ಸ್ ಕಳಿಸಲಿಲ್ಲ.

ನಾವು: ಹಾಗಾದರೆ ಸರಿಯಾಗಿ ಹೇಳಿದವರು ಯಾರು?

ಉಣುಗು: ಬೊಶೆಲ್. ಕೊಲಂಬಿಯಾದ ವೈದ್ಯರು. ಕಾಡು ಕಡಿದು ಗದ್ದೆ ಮಾಡಿ ಅಂಚಿಗೆ ದನ ಬಿಟ್ಟಿದ್ದೇ ನಮ್ಮ ಸಂಸಾರ ಹೆಚ್ಚೋಕೆ ಕಾರಣ ಅಂತ 1969ರಲ್ಲಿ ಬರೆದರು. ಹಿಂದೆ ತಮ್ಮ ದೇಶದಲ್ಲಿ ಇದೇ ರಾಕ್‌ಫೆಲರ್‌ನವರ ಜೊತೆ ಹಳದಿ ಜ್ವರದ ಕೆಲಸ ಮಾಡಿದವರು. ಅಲ್ಲಿ ಅವರೇ ಸ್ಥಳೀಯರು, ಇಲ್ಲಿಗೆ ಬಂದಾಗ ವಿದೇಶಿ ತಜ್ಞರು. ದನ ಕಾಯೋ ಹುಡುಗನ ಮಾತಿಗೆ ಅವರು ಕಿವಿ ಕೊಟ್ಟಿರಬೇಕು ಅಂತ ನನ್ನ ಗುಮಾನಿ. ಯಾವ ಬ್ಯಾಣದಲ್ಲಿ ಮೇಯಿಸಿದರೆ ದನಕ್ಕೆ ಉಣುಗು ಜಾಸ್ತಿ ಹತ್ತುತ್ತದೆ ಅಂತ ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು?

ನಾವು: ಈಗ ಕಾಲ ಬದಲಾಗಿದೆ. ಬ್ರಿಟನ್ನಿನ ಪರಿಸರ ವಿಜ್ಞಾನಿಗಳು, ಬೆಂಗಳೂರಿನ ಏಟ್ರೀ ಮತ್ತಿತರ ಸಂಸ್ಥೆಗಳು, ನಮ್ಮ ಆರೋಗ್ಯ ಇಲಾಖೆ ಸೇರಿ ಕಾಯಿಲೆ ಎಲ್ಲಿ ಬರಬಹುದೆಂಬ ನಕ್ಷೆ ಮಾಡಿ 2020ರಲ್ಲಿ ಪ್ರಕಟಿಸಿದರು.

ಉಣುಗು: ಕೇಳಿದ್ದೇನೆ. ನಕ್ಷೆ ಬರೆಯುವ ಮೊದಲೇ ಇಲ್ಲಿ ಕೆಲಸ ಮಾಡೋರನ್ನು ಕೂರಿಸ್ಕೊಂಡು, ನಿಮಗೆ ಎಂತಾ ನಕ್ಷೆ ಬೇಕು ಅಂತ ಕೇಳಿದ್ರಂತೆ. ಅರವತ್ತು ವರ್ಷದ ಮೇಲಾದರೂ ಕೇಳಿದರಲ್ಲ. ನಮ್ಮ ಧಂದೆಗೆ ಇದು ಒಳ್ಳೇ ಸುದ್ದಿಯಲ್ಲ. ದರಗು ಗುಡಿಸೋಕೆ ಹೋಗುವ ಹೆಂಗಸರನ್ನು, ಆಶಾ ಕಾರ್ಯಕರ್ತೆಯರನ್ನು ಕೇಳ್ತಾ ಹೋದರೆ ನಾವು ಅಡಗೋದು ಎಲ್ಲಿ? 2022ರಲ್ಲಿ ಹಳೇ ಲಸಿಕೆ ನಿಂತಾಗ ಮನೆಮನೆಗೆ ಎಣ್ಣೆ ಹಿಡ್ಕೊಂಡು ಹೋದವರು ಅವರೇ. ಅವರ ಗೌರವಧನ ಎಷ್ಟು ಅಂತ ನಾನು ಹೇಳೋದಿಲ್ಲ, ನಿಮಗೇ ನಾಚಿಕೆ ಆಗುತ್ತದೆ.

ನಾವು: ನಿಮ್ಮ ಬೇಡಿಕೆ ಏನಾದರೂ?

ಉಣುಗು: ಜೀವವೈವಿಧ್ಯ ಕಾಯ್ದೆ 2002 ಇದೆಯಲ್ಲ, ಅದರ ಪ್ರಕಾರ ಲಾಭದಲ್ಲಿ ಪಾಲು ಕೊಡಬೇಕಂತೆ. ನನ್ನ ಪಾಲನ್ನು ಪಂಚಾಯಿತಿಯ ಜೀವವೈವಿಧ್ಯ ಸಮಿತಿಗೆ ಕೊಡಲಿ, ಸಮಿತಿ ಸಭೆ ಸೇರಿದ ದಿನ. ಇನ್ನೊಂದು, ರೋಗಕ್ಕೆ ಊರಿನ ಹೆಸರು ಇಡಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಕ್ಯಾಸನೂರಿನವರಿಗೆ 58 ವರ್ಷ ತಡವಾಯ್ತು. ಲೇಖಕರ ಪಟ್ಟಿಯಲ್ಲಿ ಊರಿನವರಿಲ್ಲ, ಕಾಯಿಲೆಯಲ್ಲಿ ಊರಿದೆ.

ನಾವು: ಈ ಸಂದರ್ಶನಕ್ಕೆ ತಮ್ಮ ಒಪ್ಪಿಗೆ ಪತ್ರ ಬೇಕಿತ್ತು. ಇಂಗ್ಲಿಷಿನಲ್ಲಿದೆ. ಇಲ್ಲೊಂದು ಹೆಬ್ಬೆಟ್ಟು.

ಉಣುಗು: ಎಂಟು ಕಾಲಲ್ಲಿ ಯಾವುದರದ್ದು? ಇರಲಿ, ಒತ್ತಿಸ್ಕೊಳ್ಳಿ. ಆದರೆ ನಿಮ್ಮನ್ನು ಈ ಕೊಟ್ಟಿಗೆಗೆ ಕರ್ಕೊಂಡು ಬಂದು, ಹಸುವಿನ ಕಿವಿ ಬಿಡಿಸಿ ನನ್ನನ್ನು ತೋರಿಸಿದನಲ್ಲ, ಬಾಗಿಲಲ್ಲಿ ನಿಂತಿದ್ದಾನೆ ನೋಡಿ ಹುಡುಗ, ಅವನ ಹೆಸರು ನಿಮ್ಮ ಹೆಸರಿಗಿಂತ ಮೇಲೆ ಬರಬೇಕು.

ನಾವು: ನಮಗೇನೋ ಅಡ್ಡಿಯಿಲ್ಲ. ಒಂದು ಹೆಸರಿಗಷ್ಟೇ ಜಾಗ ಎನ್ನುತ್ತಾರೆ ಸಂಪಾದಕರು.

ಉಣುಗು: ಹಾಗಾದ್ರೆ ಕೊನೆಯಲ್ಲಿ 'ಸಹಕರಿಸಿದ ಗ್ರಾಮಸ್ಥರಿಗೆ ವಂದನೆಗಳು' ಅಂತ ಹಾಕ್ಬಿಡಿ. ಅದಕ್ಕೆ ಜಾಗ ಇದ್ದೇ ಇರುತ್ತದೆ.