ಪಿಕಪ್ ರಾಯರು

ಪಿಕಪ್ ರಾಯರು ಹಳೆಯ ದೊಡ್ಡ ಕಾರು ಇರುವ ಮಧ್ಯಮವರ್ಗದ ಮನೆಗಳಲ್ಲಿ ಕಾಣಸಿಗುವ ಒಂದು ನಮೂನೆಯ ಗೃಹಸ್ಥರು. ವಯಸ್ಸು ಐವತ್ತೈದು ದಾಟಿರುತ್ತದೆ. ಬ್ಯಾಂಕು, ವಿದ್ಯುತ್ ಮಂಡಳಿ, ಪಾಲಿಟೆಕ್ನಿಕ್, ಈ ಮೂರರಲ್ಲಿ ಎಲ್ಲೋ ಒಂದು ಕಡೆ ದುಡಿದಿರುತ್ತಾರೆ. ಭಾನುವಾರ ಬೆಳಗ್ಗೆ ಪಂಚೆ ಎತ್ತಿ ಕಟ್ಟಿ, ಬಾನೆಟ್ ತೆರೆದು, ಒಳಗೆ ತಲೆ ಹಾಕಿ ನಿಂತವರು ಇವರೇ ಎಂದು ತಿಳಿಯಬೇಕು. ಕಾರು ಚೆನ್ನಾಗಿದೆ ಎಂದು ಹೊಗಳಿದರೆ ಇವರಿಗೆ ರುಚಿಸುವುದಿಲ್ಲ. ಪಿಕಪ್ ಹೇಗಿದೆ ಎಂದು ಕೇಳಬೇಕು. ಹೊಸ ಕಾರು ಕೊಳ್ಳುವ ಮಾತೆತ್ತಿದರೆ ಮುನಿಸು. ಇರುವ ಎಂಜಿನ್ನಿನಿಂದಲೇ ಹೆಚ್ಚು ಶಕ್ತಿ ತೆಗೆಯಬೇಕು, ಅದೂ ಕೈ ಸುಡದ ಹಾಗೆ, ಎಂಬುದೇ ಇವರ ವ್ರತ.

ಈ ವ್ರತಕ್ಕೆ ಹೇಳಿ ಮಾಡಿಸಿದ ವಾಹನ ಟಾಟಾ ಎಸ್ಟೇಟ್. 1992ರಲ್ಲಿ ಮಾರುಕಟ್ಟೆಗೆ ಬಂದ ಈ ಐದು ಬಾಗಿಲಿನ ಕಾರಿನ ಮಾಡು ಹಿಂದಿನವರೆಗೂ ಚಾಚಿದೆ. ಹಿಂದಿನ ಸೀಟು ಮಡಚಿದರೆ ಒಂದು ಸಣ್ಣ ಸಂಸಾರದ ಸಾಮಾನೆಲ್ಲ ಹಿಡಿಯುತ್ತದೆ. ಮೈತೂಕ ಸುಮಾರು ಒಂದೂವರೆ ಟನ್. ಅದನ್ನು ಎಳೆಯಲು ಇರುವುದು 1948 ಸಿಸಿಯ, ಟರ್ಬೊ ಇಲ್ಲದ ಡೀಸೆಲ್ ಎಂಜಿನ್. ಅಶ್ವಶಕ್ತಿ ಎಪ್ಪತ್ತರ ಒಳಗೆ. ಊರೊಳಗೆ ಇಷ್ಟು ಸಾಕು. ಹಾಸನದ ರಸ್ತೆಯಲ್ಲಿ ಕೆಎಸ್ಆರ್‌ಟಿಸಿ ಬಸ್ಸನ್ನು ಹಿಂದೆ ಹಾಕಲು ಹೊರಟಾಗ ಮಾತ್ರ ಇದು ಸಾಲದು ಎಂದು ಗೊತ್ತಾಗುತ್ತದೆ. ಆಗ ಬಸ್ಸಿನ ಕಿಟಕಿಯಲ್ಲಿ ಕುಳಿತ ಪ್ರಯಾಣಿಕರ ಮುಖಪರಿಚಯವಾಗುವಷ್ಟು ಹೊತ್ತು ಎರಡೂ ವಾಹನ ಜೊತೆಯಲ್ಲೇ ಸಾಗುತ್ತವೆ.

ರಾಯರ ಪ್ರಯೋಗಗಳಿಗೆ ಒಂದು ಕ್ರಮವಿದೆ. ಮೊದಲನೆಯದು ಖರ್ಚಿಲ್ಲದ್ದು: ಏಸಿ ಆಫ್ ಮಾಡುವುದು. ಏಸಿಯ ಕಂಪ್ರೆಸರ್ ತಿರುಗುವುದು ಎಂಜಿನ್ನಿನ ಬಲದಿಂದಲೇ ಆದ್ದರಿಂದ ಅದನ್ನು ನಿಲ್ಲಿಸಿದರೆ ಕೆಲವು ಅಶ್ವಶಕ್ತಿ ಚಕ್ರಕ್ಕೆ ಉಳಿಯುವುದು ನಿಜ. ಏರು ಬಂತೆಂದರೆ ಏಸಿ ಬಂದ್. ಹಿಂದಿನ ಸೀಟಿನವರು ಬೆವರುತ್ತಾರೆ. ಅವರ ಬೆವರನ್ನು ರಾಯರು ಎಂಜಿನ್ನಿಗೆ ಸಂದ ಕಾಣಿಕೆ ಎಂದು ಜಮಾ ಮಾಡಿಕೊಳ್ಳುತ್ತಾರೆ.

ಎರಡನೆಯದು ಏರ್ ಫಿಲ್ಟರ್. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಲ್ಲಿ ಚೌಕಾಸಿ ಮಾಡಿ ತಂದ, ತೊಳೆದು ಬಳಸುವ ಕೆಂಪು ಫಿಲ್ಟರ್ ಹಾಕುತ್ತಾರೆ. ಇದರಿಂದ ಒಂದೆರಡು ಅಶ್ವಶಕ್ತಿ ಸಿಕ್ಕರೆ ಹೆಚ್ಚು, ಅದೂ ಹಳೆಯ ಫಿಲ್ಟರಿನಲ್ಲಿ ಧೂಳು ಕಟ್ಟಿದ್ದರೆ. ಆದರೆ ಎಂಜಿನ್ ಗಾಳಿ ಎಳೆಯುವ ಸದ್ದು ಜೋರಾಗುತ್ತದೆ. ಸದ್ದು ಹೆಚ್ಚಿತೆಂದರೆ ಶಕ್ತಿಯೂ ಹೆಚ್ಚಿತೆಂಬುದು ರಾಯರ ಮೂಲ ಸಿದ್ಧಾಂತ. ಮೂರನೆಯ ಪ್ರಯೋಗ, ಅಂದರೆ ಸೈಲೆನ್ಸರಿನ ಹೊಟ್ಟೆ ಬಗೆಸುವುದು, ಇದೇ ಸಿದ್ಧಾಂತದ ಮುಂದುವರಿಕೆ. ಅದಾದ ಮೇಲೆ ರಾಯರು ಮನೆಗೆ ಬರುವುದು ಮೂರು ಬೀದಿ ಆಚೆಯಿಂದಲೇ ತಿಳಿಯುತ್ತದೆ. ಮಡದಿ ಅನ್ನಕ್ಕಿಡುವುದು ಆ ಸದ್ದು ಕೇಳಿಯೇ.

ನಾಲ್ಕನೆಯದು ಡೀಸೆಲ್ ಪಂಪಿನ ಸ್ಕ್ರೂ. ಎಂಜಿನ್ನಿಗೆ ಎಷ್ಟು ಡೀಸೆಲ್ ಹೋಗಬೇಕೆಂದು ನಿಗದಿ ಮಾಡುವ ಈ ಸ್ಕ್ರೂವನ್ನು ಮುಟ್ಟಲು ಪಂಪ್ ಮೆಕ್ಯಾನಿಕ್ ಹಿಂಜರಿಯುತ್ತಾನೆ. “ಸಾರ್, ಡೀಸೆಲ್ ಜಾಸ್ತಿ ಮಾಡ್ಬೋದು, ಗಾಳಿ ಎಲ್ಲಿಂದ ತರೋಣ? ಹೊಗೆ ಬರುತ್ತೆ.” “ಬರಲಿ ಬಿಡಪ್ಪ, ಅರ್ಧ ಸುತ್ತು ತಿರುಗಿಸು.” ಅವನು ಕಾಲು ಸುತ್ತು ತಿರುಗಿಸಿ ಅರ್ಧ ಸುತ್ತು ಎನ್ನುತ್ತಾನೆ. ಮೆಕ್ಯಾನಿಕ್ ಹೇಳಿದ್ದೇ ಶಾಸ್ತ್ರ: ಟರ್ಬೊ ಇಲ್ಲದ ಎಂಜಿನ್ ತಾನು ಎಳೆದುಕೊಂಡ ಗಾಳಿಗೆ ತಕ್ಕಷ್ಟು ಡೀಸೆಲನ್ನು ಮಾತ್ರ ಸರಿಯಾಗಿ ಉರಿಸಬಲ್ಲದು, ಮಿಕ್ಕದ್ದು ಕರಿಹೊಗೆಯಾಗಿ ಹೊರಬೀಳುತ್ತದೆ. ಹಿಂದೆ ಬರುವ ಸ್ಕೂಟರಿನವರು ಮುಖಕ್ಕೆ ಕರ್ಚೀಫು ಹಿಡಿದರೆ ರಾಯರು ಕನ್ನಡಿಯಲ್ಲಿ ನೋಡಿ ತಲೆದೂಗುತ್ತಾರೆ.

ಐದನೆಯದು ಟೈರು. ಕಾರಿಗೆ ಗತ್ತು ಬರಲೆಂದು ಒಂದು ಸೈಜು ದೊಡ್ಡ ಟೈರು ಹಾಕಿಸುತ್ತಾರೆ. ಟೈರು ದೊಡ್ಡದಾದಷ್ಟೂ ಎಂಜಿನ್ನಿಗೆ ಎಳೆಯುವುದು ಕಷ್ಟ. ಅಲ್ಲಿಗೆ ಮೊದಲ ನಾಲ್ಕು ಪ್ರಯೋಗಗಳಿಂದ ಬಂದದ್ದು ಐದನೆಯದರಲ್ಲಿ ಕರಗಿತು. ಆರನೆಯದಾದ ಟರ್ಬೊ ಬಹುಮಟ್ಟಿಗೆ ಮಾತಿನಲ್ಲೇ ಉಳಿಯುತ್ತದೆ. ಶಿವಾಜಿನಗರದ ಗುಜರಿಯಲ್ಲಿ ಯಾವುದೋ ಗಾಡಿಯಿಂದ ಬಿಚ್ಚಿದ ಟರ್ಬೊವನ್ನು ಕೈಯಲ್ಲಿ ಹಿಡಿದು, ರೆಕ್ಕೆ ತಿರುಗಿಸಿ ನೋಡಿ, ಅರ್ಧ ಬೆಲೆಗೆ ಕೇಳಿ ವಾಪಸಾಗುತ್ತಾರೆ. ಇದು ಎಂಜಿನ್ನಿನ ಪುಣ್ಯ. ಅದರ ಪಿಸ್ಟನ್, ಗ್ಯಾಸ್ಕೆಟ್, ರೇಡಿಯೇಟರ್ ಯಾವುದೂ ಟರ್ಬೊ ತುರುಕುವ ಗಾಳಿಯ ಒತ್ತಡಕ್ಕೆಂದು ಮಾಡಿದ್ದಲ್ಲ.

ಶಕ್ತಿ ಹೆಚ್ಚಿತೆಂಬುದಕ್ಕೆ ರಾಯರ ಬಳಿ ಪುರಾವೆ ಉಂಟು. ಶಿರಾಡಿ ಘಾಟಿ ಇಳಿದು ಮಂಗಳೂರಿನ ಕಡೆ ಹೋದಾಗ ಕಾರು ಹುರುಪಿನಿಂದ ಓಡುತ್ತದೆ. ಫಿಲ್ಟರಿನ ಮಹಿಮೆ ಎಂದು ರಾಯರು ನೆಂಟರ ಮನೆಯಲ್ಲಿ ವಿವರಿಸುತ್ತಾರೆ. ನಿಜವಾದ ಮಹಿಮೆ ಕರಾವಳಿಯ ಗಾಳಿಯದು. ಬೆಂಗಳೂರು ಇರುವುದು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲೆ. ಮೇಲೆ ಹೋದಷ್ಟೂ ಗಾಳಿ ತೆಳುವಾಗುವುದರಿಂದ ಟರ್ಬೊ ಇಲ್ಲದ ಎಂಜಿನ್ ಪ್ರತಿ ನೂರು ಮೀಟರ್ ಎತ್ತರಕ್ಕೆ ಹತ್ತಿರಹತ್ತಿರ ಶೇಕಡಾ 1ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ, ಕೆಳಗಿಳಿದರೆ ಅದು ಮರಳುತ್ತದೆ. ಐದಾರು ಅಶ್ವಶಕ್ತಿ ಹೀಗೆ ಬಿಟ್ಟಿಯಾಗಿ ಸಿಕ್ಕಿರುತ್ತದೆ. ವಾಪಸು ಬರುವಾಗ ಸಕಲೇಶಪುರದ ಹೊತ್ತಿಗೆ ಅದೆಲ್ಲ ಮಾಯ. “ಆ ಬಂಕಿನ ಡೀಸೆಲ್ ಸರಿ ಇರಲಿಲ್ಲ” ಎನ್ನುತ್ತಾರೆ ರಾಯರು.

ಬಿಟ್ಟಿ ಶಕ್ತಿಯ ಇನ್ನೊಂದು ಮೂಲ ಕಾರಿನ ಹಿಂಭಾಗದಲ್ಲೇ ಇದೆ. ಬಿಚ್ಚಿದ ಹಳೆಯ ಸೈಲೆನ್ಸರ್, ಸವೆದ ಕ್ಲಚ್ ಪ್ಲೇಟು, ಎರಡು ಜಾಕು, ಅರ್ಧ ಮೂಟೆ ಸಿಮೆಂಟು, ಯಾರದೋ ಗೃಹಪ್ರವೇಶದಿಂದ ಬಂದ ತೆಂಗಿನಕಾಯಿ ಅಲ್ಲಿ ವಾಸವಾಗಿವೆ. ಒಂದೂವರೆ ಟನ್ನಿನ ಗಾಡಿಯಿಂದ ನೂರೈವತ್ತು ಕಿಲೊ ಇಳಿಸಿದರೆ ಪಿಕಪ್ಪಿನ ಮಟ್ಟಿಗೆ ಹತ್ತನೆಯ ಒಂದು ಪಾಲು ಶಕ್ತಿ ಸೇರಿಸಿದಂತೆಯೇ. “ರೀ, ಅದನ್ನೆಲ್ಲ ಇಳಿಸಬಾರದೇ?” ಎಂದು ಮಡದಿ ಕೇಳಿದರೆ ಸಿಗುವ ಉತ್ತರ: “ಬೇಕಾಗತ್ತೆ.”

ಇಷ್ಟೆಲ್ಲ ಅಗ್ಗದಲ್ಲಿ ಆಗುವುದು ಲೆಕ್ಕದ ಚಾತುರ್ಯದಿಂದ. ರಾಯರ ಡೈರಿಯಲ್ಲಿ ‘ಪವರ್’ ಮತ್ತು ‘ಮೆಂಟೆನೆನ್ಸ್’ ಎಂಬ ಎರಡು ಖಾತೆಗಳಿವೆ. ಫಿಲ್ಟರಿನ ಬೆಲೆ ಮೊದಲನೆಯದಕ್ಕೆ ಹೋಗುತ್ತದೆ. ಅದರ ಸಂದಿಯಿಂದ ಧೂಳು ನುಗ್ಗಿ ಸವೆದ ಪಿಸ್ಟನ್ ರಿಂಗಿನ ಬೆಲೆ ಎರಡನೆಯದಕ್ಕೆ. ದೊಡ್ಡ ಟೈರಿನಿಂದ ಸುಟ್ಟ ಕ್ಲಚ್ಚೂ ಎರಡನೆಯದಕ್ಕೇ.

ಕೊನೆಗೆ ರಾಯರನ್ನು ದಾರಿಗೆ ತರುವುದು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ ಕಂಪನಿ ಮಾಡಿಕೊಟ್ಟ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರಲ್ಲಿ ಇದನ್ನು ಎತ್ತಿಹಿಡಿದಿದೆ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ತಪಾಸಣೆಯ ದಿನ ಹತ್ತಿರ ಬಂದಂತೆ ಪಂಪಿನ ಸ್ಕ್ರೂ ಮೊದಲಿನ ಜಾಗಕ್ಕೆ ಬರುತ್ತದೆ. ಕಂಪನಿಯ ಸೈಲೆನ್ಸರ್, ಸರಿಯಾದ ಸೈಜಿನ ಟೈರು, ಮಾಮೂಲಿ ಫಿಲ್ಟರ್ ಮರಳುತ್ತವೆ. ಹೊಗೆ ತಪಾಸಣೆಗೆ ಹೆದರಿ ನಾಜಲ್‌ಗಳನ್ನು ಪರೀಕ್ಷೆ ಮಾಡಿಸಿ, ಟ್ಯಾಪೆಟ್ ಸೆಟ್ ಮಾಡಿಸಿ, ಹಿಡಿದುಕೊಂಡಿದ್ದ ಬ್ರೇಕು ಬಿಡಿಸುತ್ತಾರೆ. ಆರ್‌ಟಿಒ ಇನ್ಸ್‌ಪೆಕ್ಟರ್ ನೋಡಿಯಾರೆಂದು ಹಿಂಭಾಗದ ಸಾಮಾನೂ ಇಳಿಯುತ್ತದೆ. ಕಾರು ಎಷ್ಟೋ ವರ್ಷಗಳ ಮೇಲೆ, ಮೊದಲು ಕೊಂಡಾಗಿನ ಹಾಗೆ ಓಡುತ್ತದೆ.

ಹಳೆಯ ಎಂಜಿನ್ನಿಗೆ ಅಗ್ಗದಲ್ಲಿ ಸಿಗುವ ಶಕ್ತಿ ಇಷ್ಟೇ: ಅದು ಕಳೆದುಕೊಂಡದ್ದು. ರಾಯರು ಪಕ್ಕದ ಮನೆಯವರನ್ನು ಕೂರಿಸಿಕೊಂಡು ಒಂದು ಸುತ್ತು ಹೋಗಿ ಬಂದು, ಪಿಕಪ್ ತೋರಿಸಿ, ಡೈರಿ ತೆರೆಯುತ್ತಾರೆ. ರಿಪೇರಿಯ ಬಿಲ್ಲು ಪೂರ್ತಿ ಮೆಂಟೆನೆನ್ಸ್ ಖಾತೆಗೆ. ಪವರ್ ಖಾತೆಯ ಎದುರು ಬರೆಯುವುದು: ಖರ್ಚು ಸೊನ್ನೆ.