ಹಲೋಮೂರ್ತಿಯ ಸವಾರಿ

ಹಲೋಮೂರ್ತಿ ನಿಮಗೂ ಗೊತ್ತು. ನಿಮ್ಮ ಬೀದಿಯಲ್ಲಿ ಹೆಸರು ಬೇರೆ ಇರಬಹುದು, ಅಷ್ಟೇ. ಎಡಕ್ಕೂ ಸೇರದೆ ಬಲಕ್ಕೂ ಸೇರದೆ ರಸ್ತೆಯ ನಟ್ಟನಡುವೆ ತೆವಳುತ್ತಿರುವ ಸ್ಕೂಟರ್, ಅದರ ಬೆನ್ನಿಗೆ ಹಾರ್ನ್ ಹೊಡೆದು ಸುಸ್ತಾದ ಸಿಟಿ ಬಸ್ಸು, ಯಾವಾಗಲೋ ಹಾಕಿ ಆರಿಸಲು ಮರೆತ ಬಲಗಡೆಯ ಇಂಡಿಕೇಟರ್. ಇಷ್ಟು ಕಂಡರೆ ಮುಖ ನೋಡಬೇಕಿಲ್ಲ. ಕತ್ತು ಭುಜಕ್ಕೆ ಅಂಟಿರುತ್ತದೆ, ಕತ್ತು ವಾಲಿದ ಕಡೆಗೇ ಸ್ಕೂಟರೂ ವಾಲಿರುತ್ತದೆ.

ಫೋನೆತ್ತಿದ ಕೂಡಲೇ ಅವರು ಹೇಳುವುದು, ‘ಡ್ರೈವಿಂಗಲ್ಲಿದೀನಿ.’ ಆ ಕಡೆಯವರು ಸಂಕೋಚಪಟ್ಟು ಇಡಲು ಹೊರಟರೆ, ‘ಪರವಾಗಿಲ್ಲ, ಹೇಳಿ.’ ಮೊದಲ ಮಾತು ಕಾನೂನಿಗೆ, ಎರಡನೆಯದು ನೆಂಟಸ್ತಿಕೆಗೆ. ಮುಂದಿನದು ತಲೆಹೋಗುವ ವಿಚಾರವೇನಲ್ಲ.

‘ತಿಂಡಿ ಆಯ್ತಾ?’

‘ಆಯ್ತು. ನಿಮ್ದು?’

‘ಆಯ್ತು, ಉಪ್ಪಿಟ್ಟು.’

‘ಓ, ಉಪ್ಪಿಟ್ಟಾ!’

ಈ ಉಪ್ಪಿಟ್ಟಿನ ದೆಸೆಯಿಂದ ಸೈಕಲ್ಲಿನ ಹುಡುಗನೊಬ್ಬ ಅಷ್ಟರಲ್ಲಿ ಮೋರಿಯ ಅಂಚಿಗೆ ಇಳಿದಿರುತ್ತಾನೆ.

ಬಾಯಿಂದ ಮಾತ್ರ ಮಾತಾಡುವುದು ಮೂರ್ತಿಯವರಿಗೆ ಗೊತ್ತಿಲ್ಲ. ಸೈಟಿನ ಅಳತೆ ಹೇಳುವಾಗ ಹ್ಯಾಂಡಲ್ ಬಿಟ್ಟು ಕೈ ಅಗಲಿಸಿ ತೋರಿಸುತ್ತಾರೆ. ಸಾಹೇಬರ ಫೋನಾದರೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ, ‘ಹೂಂ ಸಾರ್, ಆಗ್ಲಿ ಸಾರ್’ ಎಂದು ತಲೆಯಾಡಿಸುತ್ತಾರೆ. ಅಡ್ಡರಸ್ತೆಯಲ್ಲಿ ಕಾದು ನಿಂತ ಆಟೋದವನು ಅದನ್ನು ತನಗೆ ಸಿಕ್ಕ ಅಪ್ಪಣೆಯೆಂದು ತಿಳಿದು ನುಗ್ಗುತ್ತಾನೆ. ಆಮೇಲೆ ನಡುರಸ್ತೆಯಲ್ಲಿ ಪಂಚಾಯಿತಿ.

‘ನೀವೇ ತಾನೆ ತಲೆ ಆಡ್ಸಿದ್ದು?’

‘ಆಡ್ಸಿದ್ದು ನಿನಗಲ್ಲ ಕಣಯ್ಯ, ಎಂ.ಡಿ.ಗೆ!’

ಎಂ.ಡಿ. ಇನ್ನೂ ಲೈನಿನಲ್ಲೇ ಇರುತ್ತಾರೆ.

ಕಾಲಕ್ಕೆ ತಕ್ಕಂತೆ ಮೂರ್ತಿಯವರು ಸುಧಾರಿಸಿಲ್ಲ ಎನ್ನುವಂತಿಲ್ಲ. ಭುಜದ ಮೇಲಿದ್ದ ಫೋನು ಹೆಲ್ಮೆಟ್ಟಿನೊಳಗೆ ತೂರಿತು. ತಲೆ ಕಾಯಲೆಂದು ಕೊಂಡದ್ದು ಫೋನ್ ಕಾಯುವ ಹುದ್ದೆಗೆ ಬಡ್ತಿ ಪಡೆಯಿತು. ಅಷ್ಟರಲ್ಲಿ ಕಾರು ಬಂತು. ಅದರ ಹಿಂದೆಯೇ 2019ರ ಸೆಪ್ಟೆಂಬರಿನಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯೂ ಬಂತು. ಕೈಯಲ್ಲಿ ಫೋನು ಹಿಡಿದು ಓಡಿಸುವುದು ಅಪಾಯಕಾರಿ ಚಾಲನೆ. ಮೊದಲ ಸಲಕ್ಕೇ 1,000ದಿಂದ 5,000 ರೂಪಾಯಿ ದಂಡ, ಜೈಲಿನ ಮಾತೂ ಉಂಟು. ಮರುವರ್ಷದ ಅಕ್ಟೋಬರಿನಲ್ಲಿ, ದಾರಿ ನೋಡುವುದಕ್ಕೆ ಮಾತ್ರ ಫೋನು ಬಳಸಬಹುದು, ಅದೂ ಗಮನ ಕೆಡದಂತೆ, ಎಂಬ ನಿಯಮ ಸೇರಿತು. ಮೂರ್ತಿಯವರು ಅಂದೇ ಡ್ಯಾಶ್‌ಬೋರ್ಡಿಗೆ ಸ್ಟ್ಯಾಂಡ್ ಅಂಟಿಸಿದರು. ಕಣ್ಣು ಕಟ್ಟಿ ಬಿಟ್ಟರೂ ತಲುಪಬಲ್ಲ ಸ್ವಂತ ಆಫೀಸಿಗೆ ಈಗ ಮ್ಯಾಪು ಹಾಕಿಕೊಂಡು ಹೋಗುತ್ತಾರೆ. ಮ್ಯಾಪಿನ ಮೇಲೆ ಕ್ರಿಕೆಟ್ ಸ್ಕೋರು, ಸ್ಕೋರಿನ ಮೇಲೆ ವಾಟ್ಸ್ಆ್ಯಪ್ಪು. ‘ಯಾರದು ಅಂತ ನೋಡ್ದೆ ಅಷ್ಟೇ’ ಅನ್ನುತ್ತಾರೆ. ಅರವತ್ತರ ವೇಗದಲ್ಲಿ ಮೂರು ಸೆಕೆಂಡ್ ನೋಡಿದರೆ ಕಾರು 50 ಮೀಟರ್ ಹೋಗಿರುತ್ತದೆ. ಅಷ್ಟು ದೂರದ ಡ್ರೈವಿಂಗ್ ಮನೆದೇವರದು.

2022ರ ಡಿಸೆಂಬರಿನಲ್ಲಿ ಬೆಂಗಳೂರಿನ ಜಂಕ್ಷನ್ನುಗಳಿಗೆ ತಾವೇ ಕೇಸು ಹಿಡಿಯುವ ಕ್ಯಾಮೆರಾಗಳು ಬಂದವು. ಮೂರ್ತಿಯವರು ಸಿಕ್ಕಿಬಿದ್ದರು. ದಂಡದ ಮೆಸೇಜು ಬಂದಾಗಲೂ ಅವರು ಸ್ಟಿಯರಿಂಗ್ ಹಿಂದೆಯೇ ಇದ್ದರು. ಅಲ್ಲೇ ತೆರೆದು, ಫೋಟೋವನ್ನು ಬೆರಳಲ್ಲಿ ಹಿಗ್ಗಿಸಿ ನೋಡಿ, ‘ಚೆನ್ನಾಗಿ ಬಂದಿದೆ’ ಎಂದು ಫ್ಯಾಮಿಲಿ ಗ್ರೂಪಿಗೆ ಹಾಕಿದರು. ಕಟ್ಟಲಿಲ್ಲ. 2023ರ ಫೆಬ್ರವರಿಯಲ್ಲಿ ಸರ್ಕಾರ ಬಾಕಿ ದಂಡಕ್ಕೆ ಅರ್ಧಕ್ಕರ್ಧ ರಿಯಾಯಿತಿ ಕೊಟ್ಟಿತಲ್ಲ, ಆಗ ಆಷಾಢ ಸೇಲಿಗೆ ಹೋದಂತೆ ಹೋಗಿ ಕಟ್ಟಿ, ‘ಎಷ್ಟು ಉಳೀತು ಗೊತ್ತಾ’ ಎಂದು ಬೀಗಿದರು. ಉಳಿದ ದುಡ್ಡಿನಲ್ಲಿ ಬ್ಲೂಟೂತ್ ಕೊಂಡರು.

‘ನೋಡಿ, ಎರಡೂ ಕೈ ಸ್ಟಿಯರಿಂಗ್ ಮೇಲಿದೆ.’ ನಿಜ, ಕೈ ಇದೆ. ಮೂರ್ತಿಯವರು ಅಲ್ಲಿಲ್ಲ. ಅವರು ತಿಪಟೂರಿನಲ್ಲಿ ಷಡ್ಡಕನ ಜೊತೆ ಕೊಬ್ಬರಿ ರೇಟು ಮಾತಾಡುತ್ತಿದ್ದಾರೆ. ರೇಟು ಏರಿದಂತೆ ಸ್ಪೀಡೋಮೀಟರಿನ ಮುಳ್ಳೂ ಏರುತ್ತದೆ. ಬಿದ್ದರೆ ಫಾಸ್ಟ್ ಲೇನಿನಲ್ಲೇ ಕಾರು ಮಂಕಾಗಿ ನಿಲ್ಲುತ್ತದೆ. 1997ರಲ್ಲೇ ಟೊರಾಂಟೊದ ಇಬ್ಬರು ಸಂಶೋಧಕರು 699 ಚಾಲಕರ ಫೋನ್ ಬಿಲ್ಲುಗಳನ್ನು ಜಾಲಾಡಿ, ಮಾತಾಡುತ್ತಾ ಓಡಿಸುವಾಗ ಅಪಘಾತದ ಸಂಭವ ಸುಮಾರು ನಾಲ್ಕು ಪಟ್ಟು, ಕೈಯಲ್ಲಿ ಹಿಡಿಯದ ಫೋನಿನಿಂದ ವಿಶೇಷ ಲಾಭವೇನೂ ಕಾಣಲಿಲ್ಲ ಎಂದು ಬರೆದಿದ್ದರು. ಇದನ್ನು ಹೇಳಿದರೆ ಮೂರ್ತಿಯವರ ಹತ್ತಿರ ಪಾಟೀಸವಾಲು ಸಿದ್ಧವಾಗಿತ್ತು: ‘ಹಾಗಾದ್ರೆ ಪಕ್ಕದಲ್ಲಿ ಕೂತು ಹೆಂಡ್ತಿ ಮಾತಾಡ್ತಾಳಲ್ಲ, ಅದು?’

ಪ್ರಶ್ನೆ ಚೆನ್ನಾಗಿದೆ. ಆದರೆ ಪಕ್ಕದಲ್ಲಿ ಕೂತವರಿಗೆ ರಸ್ತೆ ಕಾಣುತ್ತದೆ. ನಾದಿನಿಯ ಸೀಮಂತದ ಕಥೆ ಎಷ್ಟೇ ರಂಗೇರಿರಲಿ, ಎದುರಿಗೆ ಲಾರಿ ಕಂಡರೆ ಅಲ್ಲಿಗೇ ಬಿಟ್ಟು ‘ರೀ, ಬ್ರೇಕ್!’ ಅನ್ನುತ್ತಾರೆ. ತಿಪಟೂರಿನ ಷಡ್ಡಕನಿಗೆ ಲಾರಿ ಕಾಣುವುದಿಲ್ಲ, ಅವನು ಕೊಬ್ಬರಿ ಮುಂದುವರಿಸುತ್ತಾನೆ. ಅಂದಹಾಗೆ, ಮೂರ್ತಿಯವರ ಮನೆಯವರು ಈಚೆಗೆ ಮೆಟ್ರೋದಲ್ಲೇ ಓಡಾಡುತ್ತಿದ್ದಾರೆ.

ಕಳೆದ ಭಾನುವಾರ, ಮನೆಯಲ್ಲಿ ಸುಮ್ಮನೆ ಕೂತಿರುತ್ತಾರಲ್ಲ, ಕ್ಷೇಮವಾಗಿ ಮಾತಾಡೋಣ ಎಂದು ನಾನೇ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ, ಕಟ್ ಮಾಡಿದರು. ರಾತ್ರಿ ಮೆಸೇಜು ಬಂತು: ‘ಸಾರಿ ಸಾರ್, ಮನೇಲಿದ್ರೆ ಮಾತಾಡೋಕೆ ಪುರುಸೊತ್ತೇ ಇರಲ್ಲ. ನಾಳೆ ಒಂಬತ್ತಕ್ಕೆ ಮಾಡಿ, ಹೆಬ್ಬಾಳ ಫ್ಲೈಓವರ್ ಮೇಲಿರ್ತೀನಿ. ಫ್ರೀ.’